ಶನೆಲ್ ಥರದ ಕ್ರೋಶಾ ಬ್ಯಾಗ್ ಹೆಣೆಯುತ್ತೀರಾ? ಆ ಎರಡು 'ಸಿ' ಬಿಟ್ಟು ಹೆಣೆಯಿರಿ

ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಯಾರೋ ಒಬ್ಬರು ದುಬಾರಿ ಬ್ಯಾಗನ್ನು ನೂಲಿನಲ್ಲಿ ಹೆಣೆದು ತೋರಿಸುತ್ತಿರುತ್ತಾರೆ. ಶನೆಲ್‌ನ ಫ್ಲಾಪ್ ಬ್ಯಾಗ್, ಬೊಟ್ಟೆಗಾ ವೆನೆಟಾದ ಉಬ್ಬು ಹೆಣಿಗೆ, ಹರ್ಮೆಸ್‌ನ ಬರ್ಕಿನ್, ಎಲ್ಲವೂ ಕ್ರೋಶಾದಲ್ಲಿ ಬಂದಾಗಿದೆ. ನೋಡಿದರೆ ಕೈ ತುರಿಸುತ್ತದೆ, ಅಲ್ವಾ? ಹೆಣೆಯುವುದು ಅಷ್ಟೇನೂ ಕಷ್ಟವಿಲ್ಲ. ಸಿಂಗಲ್ ಕ್ರೋಶೆ ಎಂಬ ಸರಳ ಹೊಲಿಗೆಯನ್ನು ಒಂದೇ ಬಿಗಿಯಲ್ಲಿ ಹಾಕಲು ಬಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ತಲೆನೋವು ಶುರುವಾಗುವುದು ಅದಕ್ಕೊಂದು ಲೋಗೋ ಅಂಟಿಸಿ, ಬ್ರ್ಯಾಂಡಿನ ಹೆಸರು ಹಾಕಿ, ಮಾರಲು ಇಟ್ಟಾಗ.

ಹಾಗಾಗಿ ಇಲ್ಲಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಬ್ಯಾಗ್ ಹೆಣೆಯುವುದು ಹೇಗೆ, ಅದರಲ್ಲಿ ಯಾವುದನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು, ಯಾವುದನ್ನು ಮುಟ್ಟಬಾರದು. ಉದಾಹರಣೆಗೆ ಶನೆಲ್ ಥರದ ಫ್ಲಾಪ್ ಬ್ಯಾಗನ್ನೇ ಇಟ್ಟುಕೊಳ್ಳೋಣ, ಎಲ್ಲರೂ ಕೇಳುವುದು ಅದನ್ನೇ.

ಮೊದಲು ಆ ಬ್ಯಾಗನ್ನು ಬಿಡಿಸಿ ನೋಡಿ

ಫ್ರಾನ್ಸಿನ ವಿನ್ಯಾಸಕಿ ಕೊಕೊ ಶನೆಲ್ ಮಾಡಿದ ಆ ಬ್ಯಾಗು ಬಂದದ್ದು 1955ರ ಫೆಬ್ರವರಿಯಲ್ಲಿ, ಅದಕ್ಕೇ 2.55 ಎಂದು ಹೆಸರು. ಅದರಲ್ಲಿ ಏನೇನಿದೆ? ಮಡಚುವ ಮುಚ್ಚಳ, ವಜ್ರಾಕಾರದ ಗೆರೆ, ಹೆಗಲಿಗೆ ಹಾಕುವ ಲೋಹದ ಸರಪಳಿ, ಒಂದು ಬೀಗ. ಮೂಲ ಬ್ಯಾಗಿನ ಬೀಗ ಸುಮ್ನೆ ಒಂದು ಆಯತಾಕಾರದ ತಿರುಗುವ ಬೀಗ. ಬೆನ್ನು ತಿರುಗಿಸಿ ಕೂತ ಆ ಎರಡು 'ಸಿ', ಅಂದರೆ ಶನೆಲ್‌ನ ಲೋಗೋ, ಬೀಗವಾಗಿ ಬಂದದ್ದು 1980ರ ದಶಕದಲ್ಲಿ, ಆಗಿನ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಕಾಲದಲ್ಲಿ.

ಈಗ ಒಂದೊಂದಾಗಿ ಕೇಳಿಕೊಳ್ಳಿ: ಇದು ಯಾರದು? ಮುಚ್ಚಳ ಯಾರದೂ ಅಲ್ಲ. ಸರಪಳಿ ಯಾರದೂ ಅಲ್ಲ. ಅಡ್ಡಗೆರೆ ಹಾಕಿ ಪದರ ಹೊಲಿಯುವುದಂತೂ ಯಾರಪ್ಪನ ಸ್ವತ್ತೂ ಅಲ್ಲ, ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆ ಪದರ ಹಾಕಿ ಕೌದಿ ಹೊಲಿದದ್ದು ಪ್ಯಾರಿಸ್ ನೋಡಿ ಅಲ್ಲ. ಆದರೆ ಎರಡು 'ಸಿ' ಶನೆಲ್‌ನದ್ದೇ. ಅದು ಟ್ರೇಡ್‌ಮಾರ್ಕ್, ಅಂದರೆ ಸರಕು ಯಾರದೆಂದು ತೋರಿಸುವ, ಕಾನೂನಿನ ರಕ್ಷಣೆ ಇರುವ ಗುರುತು. ಚಿನ್ನದ ಬಣ್ಣದ ತಗಡಿನಲ್ಲಿದ್ದರೂ, ನೂಲಿನಲ್ಲಿ ಹೆಣೆದರೂ, ಕಸೂತಿಯಲ್ಲಿ ಹಾಕಿದರೂ ಅದೇ. ಇನ್ನೊಂದು ವಿಷಯ ನೆನಪಿರಲಿ. ಒಂದೊಂದೇ ಅಂಶ ಸಾಮಾನ್ಯವಾದರೂ ಎಲ್ಲವನ್ನೂ ಅದೇ ಅಳತೆಯಲ್ಲಿ, ಅದೇ ಕಪ್ಪು-ಚಿನ್ನದ ಬಣ್ಣದಲ್ಲಿ, ಅದೇ ಥರದ ಬೀಗದ ಜೊತೆ ಒಟ್ಟು ಮಾಡಿದರೆ ದೂರದಿಂದ ನೋಡಿದವರು ಅದನ್ನು ಶನೆಲ್ ಬ್ಯಾಗೇ ಎಂದುಕೊಳ್ಳುತ್ತಾರೆ, ಅಲ್ಲಿ ತೊಂದರೆ.

ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ಈ ಗಡಿ ಬೇರೆ ಬ್ರ್ಯಾಂಡುಗಳಲ್ಲಿ ಬೇರೆ ಕಡೆ ಬೀಳುತ್ತದೆ. ಲೂಯಿ ವಿಟಾನ್‌ನಲ್ಲಿ ಬಟ್ಟೆಯ ಮೇಲಿನ ಚಿತ್ತಾರವೇ ಗುರುತು. 1896ರಿಂದ ಇರುವ ಆ ಹೂವು ಮತ್ತು ಎರಡು ಅಕ್ಷರದ ಮಾದರಿಯನ್ನು ಗ್ರಾಫ್ ನೋಡಿ ಎರಡು ಬಣ್ಣದ ನೂಲಿನಲ್ಲಿ ಹೆಣೆದರೆ ನೀವು ಹೆಣೆಯುತ್ತಿರುವುದು ಟ್ರೇಡ್‌ಮಾರ್ಕನ್ನೇ. ಗುಚ್ಚಿಯಲ್ಲಿ ಹಸಿರು-ಕೆಂಪು-ಹಸಿರು ಪಟ್ಟಿ ಗುರುತು, ಅಕ್ಷರವೇ ಬೇಕಿಲ್ಲ. ಬರ್ಕಿನ್‌ನದು ಆಕಾರವೇ ಗುರುತು, ಅಮೆರಿಕದಲ್ಲಿ 2011ರಲ್ಲಿ ನೋಂದಣಿ ಆಗಿದೆ. ಬೊಟ್ಟೆಗಾದ ಕಥೆ ಇನ್ನೂ ಮಜಾ. ಅವರ ಚರ್ಮದ ನೇಯ್ಗೆಗೆ 2013ರಲ್ಲಿ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಮಾನ್ಯತೆ ಸಿಕ್ಕಿತು, ಆದರೆ ಎಷ್ಟು ಚಿಕ್ಕ ಕಿಂಡಿಯಲ್ಲಿ ನೋಡಿ: 8ರಿಂದ 12 ಮಿಲಿಮೀಟರ್ ಅಗಲದ ಚರ್ಮದ ಪಟ್ಟಿ, 45 ಡಿಗ್ರಿ ಓರೆಯಲ್ಲಿ ಹೆಣೆದದ್ದು, ಇಡೀ ಬ್ಯಾಗಿನ ಮೇಲೆ ಅಥವಾ ಅದರ ಬಹುಪಾಲಿನ ಮೇಲೆ. ನೇಯ್ಗೆ ಎಂಬುದಕ್ಕೇ ಅವರು ಒಡೆಯರಲ್ಲ. ದಪ್ಪ ಹತ್ತಿ ನೂಲಿನಲ್ಲಿ, ನೇರ ಗೆರೆಯಲ್ಲಿ, ಚಾಪೆಯಂಥ ಹೆಣಿಗೆ ಹಾಕಿದರೆ ಅದು ನಿಮ್ಮದೇ.

ನಮ್ಮ ದೇಶದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲೂ ಹೆಸರು, ಲೋಗೋ ಮಾತ್ರ ಅಲ್ಲ, ಸರಕಿನ ಆಕಾರ, ಪ್ಯಾಕಿಂಗ್, ಬಣ್ಣಗಳ ಜೋಡಣೆ ಕೂಡ ಗುರುತಾಗಬಹುದು. 'ಲೋಗೋ ಹಾಕಿಲ್ಲ, ಹಾಗಾದರೆ ಏನೂ ಆಗಲ್ಲ' ಎಂಬ ಮಾತು ಅರ್ಧ ಸತ್ಯ.

ಸಾಮಾನು

ಎಳೆದರೆ ಹಿಗ್ಗದ ನೂಲು ಬೇಕು. ಉಲ್ಲನ್ ಬೇಡ, ನಾಲ್ಕು ದಿನಕ್ಕೆ ಜೋಲಿ ಬೀಳುತ್ತದೆ. ಟಿ-ಶರ್ಟ್ ನೂಲು ಚೆನ್ನಾಗಿ ಕಾಣುತ್ತದೆ, ಆದರೆ ಭಾರ ಜಾಸ್ತಿ. ನನ್ನ ಆಯ್ಕೆ 3 ಮಿಲಿಮೀಟರ್ ದಪ್ಪದ ಹೆಣೆದ ಹತ್ತಿ ಹಗ್ಗ, ಇಲ್ಲವೇ ಪಾಲಿಯೆಸ್ಟರ್ ಹಗ್ಗ. ಸುಮಾರು 450 ಗ್ರಾಂ ತಂದುಕೊಳ್ಳಿ. ಕ್ರೋಶಾ ಕಡ್ಡಿ 4.5 ಮಿಲಿಮೀಟರ್. ಕೈ ಸಡಿಲ ಇದ್ದವರು 4 ತೆಗೆದುಕೊಳ್ಳಿ. ಬ್ಯಾಗಿಗೆ ಬಿಗಿ ಹೆಣಿಗೆಯೇ ಬೇಕು, ಬೆರಳು ಸ್ವಲ್ಪ ನೋಯುತ್ತದೆ, ಅದಕ್ಕೇನೂ ಮಾಡಲಾಗದು.

ಒಳಗೆ ಹಾಕಲು ದಪ್ಪ ಹತ್ತಿ ಬಟ್ಟೆ, 2 ಮಿಲಿಮೀಟರ್ ಸ್ಪಂಜ್ ಹಾಳೆ, ತಳಕ್ಕೆ ಪ್ಲಾಸ್ಟಿಕ್ ಜಾಲರಿ, ಒಂದು ಮ್ಯಾಗ್ನೆಟ್ ಗುಂಡಿ, ಎರಡು ಡಿ ಆಕಾರದ ಬಳೆ, ಹೆಗಲಪಟ್ಟಿಯ ಒಳಗೆ ಹೊಲಿಯಲು ನೈಲಾನ್ ಪಟ್ಟಿ. ಬೆಂಗಳೂರಿನವರಿಗೆ ಇದೆಲ್ಲ ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಒಂದೇ ಓಡಾಟದಲ್ಲಿ ಸಿಗುತ್ತದೆ. ಅಂಗಡಿಯವರು ಒಂದು ಡಬ್ಬ ತೆಗೆದು 'ಮೇಡಂ, ಬ್ರ್ಯಾಂಡೆಡ್ ಬಕಲ್ ಇದೆ' ಎಂದು ಆ ಲೋಗೋ ತೋರಿಸಿದರೆ ನಕ್ಕು ಬೇಡ ಎನ್ನಿ. ಆ ತಗಡು ತಾನೇ ನಕಲಿ ಸರಕು. ಕಾಯ್ದೆಯ ಸೆಕ್ಷನ್ 103 ಮತ್ತು 104ರ ಪ್ರಕಾರ ಸುಳ್ಳು ಗುರುತು ಹಾಕುವುದಕ್ಕೂ, ಹಾಗೆ ಹಾಕಿದ ಸರಕು ಮಾರುವುದಕ್ಕೂ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಒಂದು ಬಕಲ್ಲಿಗೆ ಇಷ್ಟೆಲ್ಲ ಯಾಕೆ ಬೇಕು ಹೇಳಿ. ಅಸಲಿ ಹಳೇ ಬ್ಯಾಗಿನಿಂದ ಕಿತ್ತ ಅಸಲಿ ಗುಂಡಿಯನ್ನು ನಿಮ್ಮ ಬ್ಯಾಗಿಗೆ ಹಾಕಿ ಮಾರುವುದೂ ಅಪಾಯವೇ, ಗುಂಡಿ ಅಸಲಿ ಇರಬಹುದು, ಬ್ಯಾಗು ಅವರದಲ್ಲ.

ಹೆಣೆಯುವುದು

ಇಲ್ಲಿ ಅಮೆರಿಕನ್ ಹೆಸರುಗಳನ್ನೇ ಬಳಸಿದ್ದೇನೆ, ಬ್ರಿಟಿಷ್ ಪುಸ್ತಕದಲ್ಲಿ ಕಲಿತವರಿಗೆ ಇಲ್ಲಿನ ಸಿಂಗಲ್ ಕ್ರೋಶೆಯೇ ಡಬಲ್ ಕ್ರೋಶೆ. ಮೊದಲು 10 ಸೆಂಟಿಮೀಟರ್ ಚೌಕದ ತುಂಡು ಹೆಣೆದು ಎಣಿಸಿ. ಅಡ್ಡಕ್ಕೆ 14 ಹೊಲಿಗೆ, ಉದ್ದಕ್ಕೆ 14 ಸಾಲು ಬಂದರೆ ನನ್ನ ಲೆಕ್ಕ ಹಾಗೇ ಕೂರುತ್ತದೆ. ಬರದಿದ್ದರೆ ಕಡ್ಡಿ ಬದಲಿಸಿ. ಸಿಗುವ ಬ್ಯಾಗು 24 ಸೆಂಟಿಮೀಟರ್ ಅಗಲ, 15 ಎತ್ತರ, 6 ದಪ್ಪ.

ತಳಕ್ಕೆ 35 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಿನಿಂದ ಶುರು ಮಾಡಿ 34 ಸಿಂಗಲ್ ಕ್ರೋಶೆ. ತಿರುಗಿಸುತ್ತಾ ಒಟ್ಟು 8 ಸಾಲು. ಈಗ ಕಡ್ಡಿ ತೆಗೆಯದೆ ಆಯತದ ಸುತ್ತ ಹೆಣೆಯಿರಿ: ಉದ್ದದ ಕಡೆ 34, ಪಕ್ಕದಲ್ಲಿ ಸಾಲಿಗೊಂದರಂತೆ 8, ಮತ್ತೆ 34, ಮತ್ತೆ 8. ಒಟ್ಟು 84. ಮೂಲೆಯಲ್ಲಿ ಜಾಸ್ತಿ ಹೊಲಿಗೆ ಹಾಕಬೇಡಿ, ಹಾಕಿದರೆ ತಳ ಅಗಲವಾಗುತ್ತಾ ಹೋಗುತ್ತದೆ, ಗೋಡೆ ಏಳುವುದಿಲ್ಲ. ಎರಡನೇ ಸುತ್ತನ್ನು ಪ್ರತಿ ಹೊಲಿಗೆಯ ತಲೆಯಲ್ಲಿರುವ ಎರಡು ಎಳೆಗಳಲ್ಲಿ ಹಿಂದಿನದಕ್ಕೆ ಮಾತ್ರ ಹಾಕಿ. ಇದರಿಂದ ತಳಕ್ಕೂ ಗೋಡೆಗೂ ನಡುವೆ ಚೂಪಾದ ಅಂಚು ಬರುತ್ತದೆ.

ಮೂರನೇ ಸುತ್ತಿನಿಂದ ಒಂದು ಮುಖ್ಯ ಕೆಲಸ. ಪ್ರತಿ ಸುತ್ತಿನ ಕೊನೆಗೆ ಸ್ಲಿಪ್ ಸ್ಟಿಚ್ ಹಾಕಿ ಸೇರಿಸಿ, ಒಂದು ಚೈನ್ ಹಾಕಿ, ಹೆಣಿಗೆಯನ್ನು ತಿರುಗಿಸಿ ಹಿಂದಕ್ಕೆ ಹೆಣೆಯಿರಿ. ಸುಮ್ನೆ ಸುತ್ತಿ ಸುತ್ತಿ ಹೋದರೆ ಸಿಂಗಲ್ ಕ್ರೋಶೆ ಒಂದೇ ಕಡೆಗೆ ವಾಲುತ್ತದೆ. ಬುಟ್ಟಿಗೆ ಅದು ನಡೆಯುತ್ತದೆ. ಇಲ್ಲಿ ಮೇಲೆ ವಜ್ರದ ಗೆರೆ ಎಳೆಯುವುದಿದೆ, ಹೊಲಿಗೆ ವಾಲಿದರೆ ವಜ್ರವೂ ವಾಲುತ್ತದೆ, ಆಮೇಲೆ ಇಸ್ತ್ರಿ ಮಾಡಿದರೂ ಸರಿಹೋಗದು. ಹೀಗೆ ಒಟ್ಟು 21 ಸುತ್ತು.

ಮುಚ್ಚಳ ಹೆಣೆಯುವುದು ಹಿಂಬದಿಯ 34 ಹೊಲಿಗೆಗಳಿಂದ. ಇಲ್ಲಿ ತುಂಬ ಜನ ಸೋಲುತ್ತಾರೆ. ಮುಚ್ಚಳ ಮೊದಲು ಬ್ಯಾಗಿನ ದಪ್ಪವನ್ನು ದಾಟಬೇಕು, ಆಮೇಲೆ ತಾನೇ ಮುಂದೆ ಇಳಿಯುವುದು. ಹಾಗಾಗಿ ದಪ್ಪಕ್ಕೆ 8 ಸಾಲು, ಮುಂದೆ ಇಳಿಯಲು 18 ಸಾಲು, ಒಟ್ಟು 26. ಆ 8 ಸಾಲು ಮರೆತರೆ ಮುಚ್ಚಳ ಗಿಡ್ಡವಾಗಿ ಮೇಲೆಯೇ ನಿಲ್ಲುತ್ತದೆ.

ಈಗ ಗೆರೆ. ಕೆಳಗಿನ ಹೊಲಿಗೆಯ ಕಾಂಡದ ಸುತ್ತ ಹಾಕುವ ಪೋಸ್ಟ್ ಸ್ಟಿಚ್‌ನಿಂದ ಹೆಣೆಯುತ್ತಲೇ ವಜ್ರ ತರುವ ದಾರಿ ಇದೆ, ಆದರೆ ನೂಲು ಜಾಸ್ತಿ ತಿನ್ನುತ್ತದೆ, ಬ್ಯಾಗು ಭಾರವಾಗುತ್ತದೆ. ಹೆಣೆದಾದ ಮೇಲೆ ಮೇಲ್ಮೈಯಲ್ಲಿ ಚೈನ್ ಎಳೆಯುವುದೇ ಸುಲಭ ಎನ್ನುತ್ತೇನೆ. ಆ 18 ಸಾಲು ಶುರುವಾಗುವಲ್ಲಿ 1, 9, 17, 25, 33ನೇ ಹೊಲಿಗೆ ಆದ ತಕ್ಷಣದ ಜಾಗಕ್ಕೆ ಪಿನ್ ಹಾಕಿ. ನೂಲನ್ನು ಹಿಂಬದಿ ಹಿಡಿದುಕೊಳ್ಳಿ. ಕಡ್ಡಿಯನ್ನು ಮುಂದಿನಿಂದ ಚುಚ್ಚಿ ಒಂದು ಕುಣಿಕೆ ಮೇಲೆ ಎಳೆಯಿರಿ. ಒಂದು ಹೊಲಿಗೆ ಪಕ್ಕ, ಒಂದು ಸಾಲು ಮುಂದೆ, ಅಲ್ಲಿ ಮತ್ತೆ ಚುಚ್ಚಿ, ಹೊಸ ಕುಣಿಕೆ ತಂದು ಹಳೇ ಕುಣಿಕೆಯೊಳಗಿಂದ ಹೊರಗೆ ಎಳೆಯಿರಿ. ಇಷ್ಟೇ. ಪ್ರತಿ ಪಿನ್ನಿನಿಂದ ಒಂದು ಗೆರೆ ಬಲಕ್ಕೆ, ಒಂದು ಎಡಕ್ಕೆ. ಅಂಚು ಮುಟ್ಟಿದ ಗೆರೆ ಅಲ್ಲಿಂದ ತಿರುಗಿ ಒಳಗೆ ಬರಲಿ. ಗೆರೆಗಳು 4 ಸಾಲಿಗೊಮ್ಮೆ ದಾಟುತ್ತವೆ, 16 ಸಾಲಿನಲ್ಲಿ ಎರಡು ಪೂರ್ತಿ ವಜ್ರ, ಕೊನೆಯ 2 ಸಾಲು ಅಂಚಿಗೆ. ನೂಲನ್ನು ಬಿಗಿ ಎಳೆಯಬೇಡಿ, ಮುಚ್ಚಳ ಸುರುಟುತ್ತದೆ. ಕುಣಿಕೆ ಕೆಳಗಿನ ಬಟ್ಟೆಯ ಮೇಲೆ ಸುಮ್ನೆ ಮಲಗಿರಬೇಕು. ಒಳಗೆ ಸ್ಪಂಜ್ ಹಾಳೆ ಇಟ್ಟು, ಗೆರೆ ದಾಟುವ ಜಾಗಗಳಲ್ಲಿ ಮಾತ್ರ ಸೂಜಿಯಿಂದ ಒಂದೊಂದು ಟಾಕಾ ಹಾಕಿದರೆ ನಡುವಿನ ಜಾಗ ಉಬ್ಬುತ್ತದೆ.

ಒಳಬಟ್ಟೆಯನ್ನು ಬೇರೆ ಚೀಲವಾಗಿ ಹೊಲಿದು, ತಳದಲ್ಲಿ ಜಾಲರಿ ಇಟ್ಟು, ಬಾಯಿಯ ಸುತ್ತ ಕೈಹೊಲಿಗೆ ಹಾಕಿ. ಮ್ಯಾಗ್ನೆಟ್ ಗುಂಡಿಯನ್ನು ಒಳಬಟ್ಟೆಗೆ ಹಾಕುವ ಮೊದಲು ಹಿಂದೆ ಒಂದು ಚೂರು ದಪ್ಪ ಬಟ್ಟೆ ಇಡಿ, ಇಲ್ಲದಿದ್ದರೆ ತೆರೆದು ಮುಚ್ಚಿ ಬಟ್ಟೆ ಹರಿಯುತ್ತದೆ. ಹೆಗಲಪಟ್ಟಿ 110ರಿಂದ 120 ಸೆಂಟಿಮೀಟರ್. ಬರೀ ಸಿಂಗಲ್ ಕ್ರೋಶೆಯಲ್ಲಿ ಪಟ್ಟಿ ಹೆಣೆದರೆ ಭಾರಕ್ಕೆ ಹಿಗ್ಗುತ್ತದೆ, ಹಾಗಾಗಿ ಹಿಂದೆ ನೈಲಾನ್ ಪಟ್ಟಿ ಕೊಟ್ಟು ಹೊಲಿಯಿರಿ. ಲೋಹದ ಸರಪಳಿಯೇ ಬೇಕೆನ್ನುವವರು ಹಾಕಿಕೊಳ್ಳಿ, ಆದರೆ ಸರಪಳಿಯೊಳಗೆ ಕಪ್ಪು ಪಟ್ಟಿ ಪೋಣಿಸುವ ಆ ಶೈಲಿ ಬಿಡಿ. ವಜ್ರದ ಗೆರೆ, ಮುಚ್ಚಳ, ಪೋಣಿಸಿದ ಸರಪಳಿ ಮೂರೂ ಸೇರಿದರೆ ನೋಡಿದವರ ಬಾಯಲ್ಲಿ ಬರುವುದು ಒಂದೇ ಹೆಸರು.

ಬೀಗದ ಜಾಗದಲ್ಲಿ ಏನು?

ಇಲ್ಲೇ ನಿಮ್ಮ ಬ್ಯಾಗಿಗೆ ನಿಮ್ಮ ಮುಖ ಬರುವುದು, ಹಾಗಾಗಿ ಇದಕ್ಕೆ ಸ್ವಲ್ಪ ತಲೆ ಖರ್ಚು ಮಾಡಿ. ಚನ್ನಪಟ್ಟಣದ ಅರಗು ಬಣ್ಣದ ಮರದ ದೊಡ್ಡ ಮಣಿಯೊಂದನ್ನು ಗುಂಡಿಯಾಗಿ ಹಾಕಿ, ಮುಚ್ಚಳದ ತುದಿಯಲ್ಲಿ ನೂಲಿನ ಕುಣಿಕೆ ಬಿಡಿ. ಬೂದು ಬ್ಯಾಗಿಗೆ ಹಳದಿ ಮಣಿ ಎಷ್ಟು ಎದ್ದು ಕಾಣುತ್ತದೆ ನೋಡಿ.

ಇನ್ನೊಂದು ದಾರಿ ನಮ್ಮ ಕರ್ನಾಟಕದ ಕಸೂತಿ. 14ಕ್ಕೆ 14 ಬಂದ ಸಿಂಗಲ್ ಕ್ರೋಶೆ ಎಂದರೆ ತಾನಾಗಿಯೇ ಒಂದು ಚೌಕದ ಗ್ರಾಫ್. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರ್ಗಿ ತೆಳು ದಾರಕ್ಕೇ ಚೆಂದ, ದಪ್ಪ ಹೆಣಿಗೆಯ ಮೇಲೆ ಕಳೆದುಹೋಗುತ್ತವೆ. ಅಡ್ಡಡ್ಡ ದಾಟುವ ಮೆಂತೆ ಹೊಲಿಗೆ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಒಂದು ಕ್ರೋಶೆಗೆ ಒಂದು ಮೆಂತೆ. ವಜ್ರದ ಗೆರೆ ಬಿಟ್ಟು ಮುಚ್ಚಳದ ಮಧ್ಯೆ ಒಂದೇ ಒಂದು ಗೋಪುರ ಹಾಕಿ ಸಾಕು. ಆದರೆ ಕಸೂತಿ, ಚನ್ನಪಟ್ಟಣದ ಗೊಂಬೆ ಎರಡಕ್ಕೂ ಭೌಗೋಳಿಕ ಸೂಚಕದ (ಜಿಐ, ಆ ಊರಿನ ಸರಕಿಗೇ ಆ ಹೆಸರು ಎಂಬ) ರಕ್ಷಣೆ ಇದೆ. ಎಲ್ಲಿಂದಲೋ ತಂದ ಬಣ್ಣದ ಮಣಿಗೆ ಚನ್ನಪಟ್ಟಣ ಎಂದು ಚೀಟಿ ಅಂಟಿಸಬೇಡಿ. ಶನೆಲ್‌ಗೆ ಒಂದು ನ್ಯಾಯ, ನಮ್ಮ ಕುಶಲಕರ್ಮಿಗಳಿಗೆ ಒಂದು ನ್ಯಾಯ ಆಗಬಾರದಲ್ಲ.

ಮಾರುವಾಗ ಏನು ಬರೆಯಬೇಕು

ನಿಮಗಾಗಿ ಹೆಣೆದುಕೊಂಡರೆ, ತಂಗಿಗೆ ಉಡುಗೊರೆ ಕೊಟ್ಟರೆ ಯಾರೂ ಬಂದು ಕೇಳುವುದಿಲ್ಲ. ಟ್ರೇಡ್‌ಮಾರ್ಕ್ ಕಾನೂನು ನೋಡುವುದು ವ್ಯಾಪಾರವನ್ನು. ಆದರೆ ವ್ಯಾಪಾರ ಎಂದರೆ ಅಂಗಡಿಯೇ ಆಗಬೇಕಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ 'ಆರ್ಡರ್ ತಗೋತೀನಿ' ಎಂದರೆ ಅದೂ ವ್ಯಾಪಾರವೇ. ಅಪಾರ್ಟ್‌ಮೆಂಟಿನ ದೀಪಾವಳಿ ಸ್ಟಾಲೂ ವ್ಯಾಪಾರವೇ.

ಒಳ್ಳೆಯ ಬ್ಯಾಗು ಹೆಣೆದು, ಲೋಗೋ ಇಲ್ಲದೆ ಮುಗಿಸಿ, ಕೊನೆಗೆ ಕೆಳಗೆ 'ಶನೆಲ್ ಇನ್‌ಸ್ಪೈರ್ಡ್, ಫಸ್ಟ್ ಕಾಪಿ ಕ್ವಾಲಿಟಿ' ಎಂದು ಬರೆದು ಎಡವುವವರೇ ಜಾಸ್ತಿ. ಕಾಯ್ದೆಯ ಸೆಕ್ಷನ್ 29ರಲ್ಲಿ ಗುರುತನ್ನು ಬಳಸುವುದು ಎಂದರೆ ಸರಕಿನ ಮೇಲೆ ಹಾಕುವುದಷ್ಟೇ ಅಲ್ಲ, ಜಾಹೀರಾತಿನಲ್ಲಿ ಬಳಸುವುದೂ ಸೇರುತ್ತದೆ, ಆ ಗುರುತಿನ ಹೆಸರಿನಿಂದ ಜಾಹೀರಾತಿನಲ್ಲಿ ಅನ್ಯಾಯದ ಲಾಭ ಪಡೆಯುವುದೂ ಸೇರುತ್ತದೆ. ಹಾಗಾಗಿ ಹ್ಯಾಶ್‌ಟ್ಯಾಗ್‌ನಲ್ಲೂ ಬ್ರ್ಯಾಂಡಿನ ಹೆಸರು ಬೇಡ. 'ಅಸಲಿಗೆ ಎಂಟು ಲಕ್ಷ, ನನ್ನದು ಮೂರೇ ಸಾವಿರ' ಎಂಬ ಹೋಲಿಕೆಯೂ ಬೇಡ. 'ಇದು ಒರಿಜಿನಲ್ ಅಲ್ಲ' ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದರೆ ಪಾರಾಗಬಹುದು ಎಂದು ತುಂಬ ಜನ ನಂಬಿದ್ದಾರೆ. ಅದೇ ಗುರುತು, ಅದೇ ಬಗೆಯ ಸರಕು ಆದರೆ ಗೊಂದಲ ಆಗುತ್ತದೆ ಎಂದೇ ಕೋರ್ಟು ಊಹಿಸಿಕೊಳ್ಳಬೇಕು ಎನ್ನುತ್ತದೆ ಕಾಯ್ದೆ. ನಿಮ್ಮ ಸಣ್ಣಕ್ಷರ ಅಲ್ಲಿ ಎಷ್ಟು ದೂರ ಬಂದೀತು?

ಹೀಗೆ ಬರೆಯಿರಿ: 'ಕೈಯಲ್ಲಿ ಹೆಣೆದ ಕ್ರೋಶಾ ಫ್ಲಾಪ್ ಬ್ಯಾಗ್. ಹತ್ತಿ ಹಗ್ಗ, ವಜ್ರದ ಗೆರೆ, ಮರದ ಮಣಿಯ ಗುಂಡಿ. 24×15×6 ಸೆಂ.ಮೀ. ಫೋನ್, ಪರ್ಸ್, ಚಿಕ್ಕ ನೀರಿನ ಬಾಟಲಿ ಹಿಡಿಯುತ್ತದೆ.' ಕೊಳ್ಳುವವರಿಗೆ ಬೇಕಾದದ್ದು ಎಲ್ಲ ಇದೆ.

'ಅಕ್ಕಾ, ಮಧ್ಯದಲ್ಲಿ ಎರಡು ಸಿ ಹಾಕಿಕೊಡಿ, ಐನೂರು ಜಾಸ್ತಿ ಕೊಡ್ತೀನಿ' ಎಂದು ಮೆಸೇಜು ಬಂದೇ ಬರುತ್ತದೆ. ಗ್ರಾಹಕರು ಕೇಳಿದರು ಎಂಬುದು ನಿಮ್ಮನ್ನು ಉಳಿಸುವ ವಾದ ಅಲ್ಲ, ಹೆಣೆದು ಮಾರಿದವರು ನೀವು. ಅವರ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ ಮೆಂತೆ ಹೊಲಿಗೆಯಲ್ಲಿ ಹಾಕಿಕೊಡುತ್ತೇನೆ ಎಂದು ಹೇಳಿ ನೋಡಿ, ಅರ್ಧ ಜನ ಖುಷಿಯಿಂದ ಒಪ್ಪುತ್ತಾರೆ. ಉಳಿದರ್ಧ ಹೋಗಲಿ ಬಿಡಿ.

ತಮಾಷೆಗೆ ಮಾಡಿದ್ದು, ಕಲೆ ಎಂದೆಲ್ಲ ಹೇಳಬಹುದಾ? ಅಮೆರಿಕದಲ್ಲಿ ಎರಡೂ ಥರ ಆಗಿದೆ. 'ಮೈ ಅದರ್ ಬ್ಯಾಗ್' ಎಂಬ ಕಂಪನಿ ಸಾದಾ ಬಟ್ಟೆ ಚೀಲದ ಮೇಲೆ ಲೂಯಿ ವಿಟಾನ್ ಬ್ಯಾಗಿನ ಕಾರ್ಟೂನು ಚಿತ್ರ ಹಾಕಿ ಮಾರಿತು. 2016ರಲ್ಲಿ ಕೋರ್ಟು ಅದನ್ನು ಅಣಕ ಎಂದು ಒಪ್ಪಿತು. ಅದೇ ನ್ಯೂಯಾರ್ಕಿನಲ್ಲಿ 2023ರ ಫೆಬ್ರವರಿಯಲ್ಲಿ, ತುಪ್ಪಳ ಹೊದ್ದ ಬರ್ಕಿನ್ ಬ್ಯಾಗುಗಳ ಡಿಜಿಟಲ್ ಚಿತ್ರಗಳನ್ನು 'ಮೆಟಾಬರ್ಕಿನ್ಸ್' ಎಂಬ ಹೆಸರಲ್ಲಿ ಮಾರಿದ ಕಲಾವಿದ ಹರ್ಮೆಸ್ ಎದುರು ಸೋತ, 1,33,000 ಡಾಲರ್ ತೆರಬೇಕೆಂದು ತೀರ್ಪು ಬಂತು. ಅದು ಬ್ಯಾಗು ಕೂಡ ಅಲ್ಲ, ಚಿತ್ರ! ಗೆದ್ದ ಕಂಪನಿಯೂ ಕೋರ್ಟು ಹತ್ತಿ, ಮೇಲ್ಮನವಿವರೆಗೆ ಹೋರಾಡಿಯೇ ಗೆದ್ದದ್ದು. ತಿಂಗಳಿಗೆ ನಾಲ್ಕು ಬ್ಯಾಗು ಮಾರುವವರಿಗೆ ಗೆಲುವೂ ದುಬಾರಿ.

ಬ್ರ್ಯಾಂಡಿನ ಗಲಾಟೆಯಲ್ಲಿ ಜನ ಮರೆಯುವ ಇನ್ನೊಂದು ವಿಷಯ, ಪ್ಯಾಟರ್ನ್. ಇನ್ನೊಬ್ಬ ಕ್ರೋಶಾ ಕಲಾವಿದೆ ಬರೆದ ವಿವರಣೆ, ತೆಗೆದ ಫೋಟೋ, ಗ್ರಾಫ್ ಅವರ ಹಕ್ಕುಸ್ವಾಮ್ಯ. ದುಡ್ಡು ಕೊಟ್ಟು ಕೊಂಡ ಪಿಡಿಎಫ್ ಅನ್ನು ಗ್ರೂಪಿಗೆ ಹಾಕುವುದು ಕಳ್ಳತನವೇ. ದೊಡ್ಡ ಬ್ರ್ಯಾಂಡಿಗೆ ಹೆದರುವ ನಾವು ನಮ್ಮಂಥವರದ್ದನ್ನೇ ನಿರಾಳವಾಗಿ ಫಾರ್ವರ್ಡ್ ಮಾಡುತ್ತೇವೆ.

ಮಾರಾಟ ಚೆನ್ನಾಗಿ ಕುದುರಿದರೆ ನಿಮ್ಮದೇ ಹೆಸರು ನೋಂದಣಿ ಮಾಡಿಸಿ. ಸರ್ಕಾರದ ಟ್ರೇಡ್‌ಮಾರ್ಕ್ ಕಚೇರಿಯ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಪುಕ್ಕಟೆ ಹುಡುಕಾಟ ಇದೆ. ನೋಂದಣಿಗೆ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಕೈಚೀಲಗಳು ಬರುವುದು 18ನೇ ವರ್ಗದಲ್ಲಿ. ನೀವು ಇಡಬೇಕೆಂದಿರುವ ಹೆಸರನ್ನು ಅಲ್ಲಿ ಹಾಕಿ ನೋಡಿ, ಉಚ್ಚಾರಣೆ ಹತ್ತಿರ ಬರುವ ಹೆಸರುಗಳನ್ನೂ ನೋಡಿ. ಒಬ್ಬ ವ್ಯಕ್ತಿಯಾಗಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ನೋಂದಣಿ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು.

ಅಷ್ಟಾದರೂ ಹಳೇ ಪೋಸ್ಟಿಗೋ ಹಳೇ ಬ್ಯಾಗಿಗೋ ವಕೀಲರ ನೋಟಿಸು ಬಂದರೆ? ಮೊದಲು ಆ ಮಾರಾಟ ನಿಲ್ಲಿಸಿ, ಪೋಸ್ಟನ್ನು ಎಲ್ಲರಿಗೂ ಕಾಣದಂತೆ ಮಾಡಿ. ಆದರೆ ಚಾಟು, ಬಿಲ್ಲು, ಎಷ್ಟು ಮಾರಿದಿರಿ ಎಂಬ ಲೆಕ್ಕ ಅಳಿಸಬೇಡಿ, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ನೀವೇ ಉತ್ತರ ಬರೆಯಬೇಡಿ, 'ಎಲ್ಲರೂ ಮಾಡ್ತಾರೆ' ಎಂದಂತೂ ಬರೆಯಲೇಬೇಡಿ, ಅದು ತಪ್ಪೊಪ್ಪಿಗೆ ಆಗಬಹುದು. ಸುಮ್ಮನಿರುವುದೂ ತಪ್ಪು. ಈ ಕಾಯ್ದೆಯಲ್ಲಿ ಕಂಪನಿ ತಾನು ವ್ಯಾಪಾರ ಮಾಡುವ ಊರಿನಲ್ಲೇ ದಾವೆ ಹೂಡಬಹುದು, ನೀವು ದಾವಣಗೆರೆಯಲ್ಲಿದ್ದರೂ ಕೇಸು ದಿಲ್ಲಿಯಲ್ಲಿ ನಡೆದೀತು. ಟ್ರೇಡ್‌ಮಾರ್ಕ್ ಗೊತ್ತಿರುವ ವಕೀಲರನ್ನು ಹಿಡಿದು, ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಉತ್ತರ ಕೊಡಿಸಿ. ಇನ್ನು ಮುಂದೆ ಮಾಡುವುದಿಲ್ಲ ಎಂಬ ಮುಚ್ಚಳಿಕೆ ಕೇಳಿದ್ದರೆ ಅದರ ಒಂದೊಂದು ಸಾಲನ್ನೂ ವಕೀಲರ ಜೊತೆ ಓದಿ ಸಹಿ ಮಾಡಿ. 'ವಜ್ರದ ಗೆರೆಯ ಬ್ಯಾಗನ್ನೇ ಎಂದಿಗೂ ಮಾರುವುದಿಲ್ಲ' ಎಂಬಷ್ಟು ಅಗಲಕ್ಕೆ ಬರೆದಿದ್ದರೆ ಆ ಸಾಲನ್ನು ಲೋಗೋ ಮತ್ತು ಹೆಸರಿಗೆ ಸೀಮಿತ ಮಾಡಿ ಎಂದು ಕೇಳಿ.